ಸರೀಕರು ಯಾರು?

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಯಾರಾದರೂ ಸಾಲ ಮಾಡಿ ಮಗಳ ಮದುವೆ ಜೋರಾಗಿ ಮಾಡಿದರೆ, ಯಾಕಪ್ಪಾ ಇಷ್ಟೊಂದು ಖರ್ಚು ಅಂತ ಕೇಳಿ ನೋಡಿ. ‘ಸರೀಕರು ಏನಂತಾರ?’ ಅನ್ನೋ ಉತ್ತರ ಬರತ್ತೆ. ಸರೀಕರು ಅಂದರೆ ದೊಡ್ಡವರೂ ಅಲ್ಲ, ಚಿಕ್ಕವರೂ ಅಲ್ಲ. ವಯಸ್ಸಿನಲ್ಲಿ, ಅಂತಸ್ತಿನಲ್ಲಿ, ಕಸುಬಿನಲ್ಲಿ ನಮಗೆ ಸರಿಸಮ ಇರೋರು. ಗೌಡ್ರು ಬೈದರೆ ನುಂಗಿಕೊಳ್ಳಬಹುದು, ಚಿಕ್ಕ ಹುಡುಗ ನಕ್ಕರೆ ಬಿಟ್ಟುಬಿಡಬಹುದು. ಸರೀಕರ ಮುಂದೆ ತಲೆ ತಗ್ಗಿಸೋದು ಮಾತ್ರ ಆಗಲ್ಲ. ಇಂಗ್ಲಿಷಿನ ‘ಪೀರ್’ ಪದಕ್ಕೆ ಸಹವರ್ತಿ, ಸಮಾನಸ್ಕಂಧ ಅಂತೆಲ್ಲ ಕನ್ನಡ ಮಾಡಿದ್ದಾರೆ. ಎರಡರಲ್ಲೂ ಈ ಬಿಸಿ ಇಲ್ಲ. ಪೀರ್ ರಿವ್ಯೂ ಅನ್ನೋದನ್ನು ‘ಸರೀಕರ ಪರೀಕ್ಷೆ’ ಅಂದುಬಿಟ್ಟರೆ ಅದರೊಳಗಿನ ಭಯ, ಹೊಟ್ಟೆಕಿಚ್ಚು, ಮರ್ಯಾದೆ ಎಲ್ಲ ಒಂದೇ ಸಲಕ್ಕೆ ಅರ್ಥವಾಗತ್ತೆ.

ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದು ಹೊಸದಲ್ಲ. ನೀವು ಬರೆದ ಕೋಡನ್ನು ಪಕ್ಕದ ಸೀಟಿನವರು ನೋಡಿ ‘ಸರಿ ಇದೆ’ ಅಂದ ಮೇಲೇ ಅದು ಮುಂದೆ ಹೋಗೋದು. ಶುಕ್ರವಾರ ಸಂಜೆ ಆರು ಗಂಟೆಗೆ ಅದನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತಾರೆ ಅನ್ನೋದೂ ನಿಮಗೆ ಗೊತ್ತು. ಆದರೆ ನಾನು ಹೇಳಹೊರಟಿರೋದು ನರ್ಸಿಂಗ್ ಜರ್ನಲ್‌ಗಳ ಬಗ್ಗೆ. ಯಾಕೆ ನರ್ಸಿಂಗೇ ಅಂದರೆ, ಅಲ್ಲಿ ಅಚ್ಚಾದ ಮಾತು ಬಹಳ ಬೇಗ ಯಾರದೋ ಮೈ ಮುಟ್ಟುತ್ತದೆ. ಹೆರಿಗೆಗೆ ಬಂದ ಹೆಂಗಸಿಗೆ ಕೂದಲು ಬೋಳಿಸಿ, ಎನಿಮಾ ಕೊಟ್ಟೇ ಒಳಗೆ ಕಳಿಸೋದು ದಶಕಗಳ ಕಾಲ ಆಸ್ಪತ್ರೆಗಳ ರೂಢಿಯಾಗಿತ್ತು. ಪಠ್ಯಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇತ್ತು. ಕೊನೆಗೆ ಯಾರೋ ಕೂತು ಅಳೆದು ನೋಡಿದಾಗ ಎರಡರಿಂದಲೂ ರೂಢಿಯಾಗಿ ಮಾಡುವಷ್ಟು ಪ್ರಯೋಜನ ಕಾಣಲಿಲ್ಲ. ಅಷ್ಟು ವರ್ಷ ಅಷ್ಟು ಹೆಂಗಸರು ಪಟ್ಟ ಮುಜುಗರಕ್ಕೆ ಯಾರನ್ನ ಕೇಳೋಣ?

ಕೆಲಸ ನಡೆಯೋ ರೀತಿ ಸರಳ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನರ್ಸಿಂಗ್‌ಗೆ ಅಂತಲೇ ಒಂದು ಜರ್ನಲ್ ತರುತ್ತದೆ, ಮಣಿಪಾಲದಿಂದ ಇನ್ನೊಂದು ಬರುತ್ತದೆ. ದೆಹಲಿಯ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ನಿನ ‘ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ’ 1910ರಷ್ಟು ಹಳೆಯದು. ಇಂಥ ಜರ್ನಲ್‌ಗೆ ಲೇಖನ ಕಳಿಸಿದರೆ ಮೊದಲು ಸಂಪಾದಕರ ಮೇಜು. ನಕಲು ಹೊಡೆದಿದ್ದಾರಾ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಾ, ವಿಷಯ ನಮಗೆ ಸೇರಿದ್ದಾ. ಇಷ್ಟರಲ್ಲೇ ಎಷ್ಟೋ ಲೇಖನ ವಾಪಸ್ಸು. ಉಳಿದವುಗಳ ಮೊದಲ ಪುಟ, ಅಂದರೆ ಹೆಸರು, ಕಾಲೇಜು, ಊರು ಇರೋ ಪುಟ, ಕಿತ್ತಿಟ್ಟು ಮಿಕ್ಕಿದ್ದನ್ನು ಸಾಮಾನ್ಯವಾಗಿ ಇಬ್ಬರಿಗೆ ಕಳಿಸುತ್ತಾರೆ. ಬರೆದವರಿಗೆ ಓದುವವರು ಯಾರಂತ ಗೊತ್ತಿಲ್ಲ, ಓದುವವರಿಗೆ ಬರೆದವರು ಯಾರಂತ ಗೊತ್ತಿಲ್ಲ. ಕೆಲವು ವಾರಗಳ ಗಡುವು. ಸಂಬಳ ಇಲ್ಲ. ಕೊನೆಗೆ ನಾಲ್ಕರಲ್ಲಿ ಒಂದು ಮಾತು: ತಗೊಳ್ಳಿ, ಸ್ವಲ್ಪ ತಿದ್ದಿಸಿ, ಪೂರ್ತಿ ತಿದ್ದಿಸಿ, ಬೇಡ. ಇಬ್ಬರ ಮಾತು ಕೂಡದಿದ್ದರೆ ಮೂರನೆಯವರನ್ನು ಕರೆಯುತ್ತಾರೆ. ಕೊನೆಯ ತೀರ್ಮಾನ ಸಂಪಾದಕರದ್ದು.

ಬರೆದವರಿಗೆ ಬಂದು ಸೇರುವ ಟಿಪ್ಪಣಿಗಳದ್ದೇ ಒಂದು ಲೋಕ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲೇರಿ ನಿಂತಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತ ಒಂದು ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ಅದು ಮಳೆಗೆ ಹೇಳಿದ್ದೋ, ರಾಜಕೀಯಕ್ಕೆ ಹೇಳಿದ್ದೋ ಅಂತ ಜನ ವಾರಗಟ್ಟಲೆ ಚಹಾದಂಗಡಿಯಲ್ಲಿ ಬಿಡಿಸುತ್ತಾರೆ. ‘ಚರ್ಚೆಯ ಭಾಗಕ್ಕೆ ಇನ್ನಷ್ಟು ಆಳ ಬೇಕು’ ಅನ್ನೋ ರಿವ್ಯೂವರ್ ಮಾತೂ ಹೀಗೇ. ಯಾರು ಹೇಳಿದ್ದು ಗೊತ್ತಿಲ್ಲ, ಏನು ಮಾಡಬೇಕು ಅದೂ ಗೊತ್ತಿಲ್ಲ. ಕಾರಣಿಕಕ್ಕೆ ಕನಿಷ್ಠ ಹಬ್ಬದ ಊಟವಾದರೂ ಇರತ್ತೆ.

ತಮಾಷೆ ಸಾಕು. ಹೆಸರು ಯಾಕೆ ಮುಚ್ಚಬೇಕು ಅನ್ನೋದಕ್ಕೆ ನಮ್ಮ ಊರುಗಳೇ ಉತ್ತರ. ಬಸ್ಸಿನಲ್ಲಿ ಪಕ್ಕ ಕೂತವರು ಎರಡು ನಿಮಿಷದೊಳಗೆ ಕೇಳುತ್ತಾರೆ: ‘ಯಾವೂರು? ಯಾರ ಪೈಕಿ?’ ಆ ಉತ್ತರ ಸಿಕ್ಕ ಮೇಲೇ ಮಿಕ್ಕ ಮಾತಿಗೆ ಬೆಲೆ. ಊರಲ್ಲಿ ದೈವ ಕೂಡಿಸಿ ನ್ಯಾಯ ಹೇಳುವಾಗಲೂ ಕೂತವರಿಗೆ ಎಲ್ಲ ಗೊತ್ತು. ಯಾರ ಹೊಲ ಯಾರದ್ದಾಗಿತ್ತು, ಯಾರ ಅಜ್ಜ ಏನು ಮಾಡಿದ್ದ, ಎಲ್ಲ. ಅಷ್ಟೆಲ್ಲ ಗೊತ್ತಿರೋದರಿಂದಲೇ ಅಲ್ಲಿ ಎಷ್ಟೋ ಜನರಿಗೆ ನ್ಯಾಯ ಸಿಕ್ಕಿಲ್ಲ. ಜಾತಿ ಗೊತ್ತಾದ ಮೇಲೆ ವಾದ ಕೇಳುವ ತಾಳ್ಮೆ ಎಷ್ಟು ಜನರಿಗೆ ಇರತ್ತೆ? ಹೆಸರು ಮುಚ್ಚೋದು ಅಂದರೆ ‘ಯಾರ ಪೈಕಿ’ ಅನ್ನೋ ಪ್ರಶ್ನೆಯನ್ನೇ ಬಾಗಿಲ ಹೊರಗೆ ನಿಲ್ಲಿಸೋದು.

ಓದಿಕೊಂಡವರಿಗೆ ಈ ಚಾಳಿ ಇರಲ್ಲ ಅಂದ್ಕೊಂಡ್ರಾ? 2022ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಅರ್ಥಶಾಸ್ತ್ರದ ಒಂದೇ ಲೇಖನ. ಅದನ್ನು ಬರೆದವರು ಇಬ್ಬರು, ನೊಬೆಲ್ ಪಡೆದ ವರ್ನನ್ ಸ್ಮಿತ್ ಮತ್ತು ಇನ್ನೂ ಯಾರಿಗೂ ಗೊತ್ತಿಲ್ಲದ ಒಬ್ಬ ಕಿರಿಯ ಸಂಶೋಧಕ. ಐನೂರಕ್ಕೂ ಹೆಚ್ಚು ರಿವ್ಯೂವರ್‌ಗಳು ಅದನ್ನು ನೋಡಿದರು. ಕಿರಿಯನ ಹೆಸರು ಮಾತ್ರ ಕಂಡವರಲ್ಲಿ ಶೇ. 65 ಮಂದಿ ‘ಬೇಡ’ ಅಂದರು. ಹೆಸರೇ ಕಾಣದವರಲ್ಲಿ ಶೇ. 48. ನೊಬೆಲ್ ಹೆಸರು ಕಂಡವರಲ್ಲಿ ಶೇ. 23. ಲೇಖನದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹಾಗಾಗಿ ಹೆಸರು ಮುಚ್ಚುವ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಹಗರಿಬೊಮ್ಮನಹಳ್ಳಿಯ ಯಾವುದೋ ಸಣ್ಣ ಕಾಲೇಜಿನ ಹುಡುಗಿಗೆ ಆ ಕಿತ್ತಿಟ್ಟ ಮೊದಲ ಪುಟವೇ ರಕ್ಷೆ.

ತೊಡಕು ಏನಂದರೆ, ಆ ಪುಟದ ಜೊತೆ ಊರೂ ಹೋಗುತ್ತದೆ.

ಹೀಗೆ ಕಲ್ಪಿಸಿಕೊಳ್ಳಿ. ಕೂಡ್ಲಿಗಿ ತಾಲ್ಲೂಕಿನ ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಒಬ್ಬ ನರ್ಸಿಂಗ್ ಉಪನ್ಯಾಸಕಿ 60 ಬಾಣಂತಿಯರನ್ನು ಆರು ತಿಂಗಳು ಹಿಂಬಾಲಿಸಿ ಅಧ್ಯಯನ ಮಾಡುತ್ತಾಳೆ. ಅಕ್ಟೋಬರಿನಲ್ಲಿ ಶುರು. ಜನವರಿಯಲ್ಲಿ ಹೋಗಿ ನೋಡಿದರೆ ಇಪ್ಪತ್ತು ಮನೆಗೆ ಬೀಗ. ಲೇಖನದಲ್ಲಿ ಇದು ‘ಆಯ್ದ ಗ್ರಾಮೀಣ ಪ್ರದೇಶ’ ಮತ್ತು ‘20 ಮಂದಿ ಮರುಭೇಟಿಗೆ ಲಭ್ಯರಾಗಲಿಲ್ಲ’ ಅಂತಾಗುತ್ತದೆ. ಎಲ್ಲೋ ದೂರದ ನಗರದಲ್ಲಿ ಕೂತ ರಿವ್ಯೂವರ್ ಕೇಳುತ್ತಾರೆ: ಮೂರರಲ್ಲಿ ಒಂದು ಪಾಲು ಜನ ಕೈಬಿಟ್ಟು ಹೋಗಿದ್ದಾರೆ, ಮರುಭೇಟಿಯಲ್ಲಿ ಉದಾಸೀನ ಆಗಿದೆಯೇ? ನ್ಯಾಯವಾದ ಪ್ರಶ್ನೆ. ಜರ್ನಲ್‌ಗೆ ಬೇಕಾದ ಪ್ರಶ್ನೆಯೇ. ಆದರೆ ಅದೇ ಉಪಕೇಂದ್ರದ ಸಿಸ್ಟರ್‌ಗೆ ಉತ್ತರ ಬಾಗಿಲಲ್ಲೇ ಸಿಕ್ಕಿರತ್ತೆ.

‘ಎಲ್ಲಿಗೆ ಹೋಗ್ಯಾಳಬೇ ನಿನ್ನ ಸೊಸಿ?’

‘ಕಾಫಿ ಸೀಮಿಗೆ ಹೋಗ್ಯಾರ ನರ್ಸಮ್ಮ. ಕೂಸಿನ್ನೂ ಕರ್ಕೊಂಡು ಹೋಗ್ಯಾಳ. ಉಗಾದಿಗೆ ಬರ್ತಾರ.’

ಗುಳೆ. ಕೂಡ್ಲಿಗಿ, ಹರಪನಹಳ್ಳಿಯ ಮಳೆ ನಂಬಿದ ಕೆಂಪು ನೆಲದಲ್ಲಿ ಸುಗ್ಗಿ ಮುಗಿದರೆ ಕೆಲಸ ಇಲ್ಲ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣಾಗೋದು ಅದೇ ಹೊತ್ತಿಗೆ. ಕೆಲವರು ಬೆಂಗಳೂರಿಗೆ ಬರುತ್ತಾರೆ, ನೀವು ಆಫೀಸಿಗೆ ಹೋಗೋ ದಾರಿಯಲ್ಲಿ ಮೇಲೇಳ್ತಿರೋ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಗುಳೆ ಅನ್ನೋದನ್ನು ಇಂಗ್ಲಿಷಿನಲ್ಲಿ ‘ಕಾಲಿಕ ವಲಸೆ’ ಅನ್ನೋ ಅರ್ಥದ ಎರಡು ಪದಗಳಲ್ಲಿ ಬರೆಯಬಹುದು. ಬರೆದರೆ ಅದೊಂದು ಕಾರಣ ಅಂತ ದಾಖಲಾಗತ್ತೆ. ಆದರೆ ಹಾಗೆ ಹೋದ ಇಪ್ಪತ್ತು ಬಾಣಂತಿಯರೇ ಹಳ್ಳಿಯಲ್ಲಿ ಎಲ್ಲರಿಗಿಂತ ಬಡವರು, ಎಲ್ಲರಿಗಿಂತ ರಕ್ತ ಕಮ್ಮಿ ಇರೋರು ಅನ್ನೋ ಸಾಧ್ಯತೆ ಇದೆಯಲ್ಲ? ಹಾಗಿದ್ದರೆ ಊರಲ್ಲಿ ಉಳಿದ ನಲವತ್ತು ಮಂದಿಯ ಫಲಿತಾಂಶ ಅಸಲಿಗಿಂತ ಚೆನ್ನಾಗಿ ಕಾಣುತ್ತದೆ. ಈ ಪ್ರಶ್ನೆ ಹುಟ್ಟಬೇಕಾದರೆ ಬೀಗ ಹಾಕಿದ್ದು ಎಂಥವರ ಮನೆ ಅಂತ ಗೊತ್ತಿರಬೇಕು. ನಗರದ ರಿವ್ಯೂವರ್‌ಗೆ ಉದಾಸೀನ ಕಂಡಿತು. ಅದು ಗುಳೆ ಅಂತ ಸಿಸ್ಟರ್‌ಗೆ ಗೊತ್ತಿತ್ತು. ಗುಳೆಯ ಹಿಂದಿನ ಲೆಕ್ಕ ಹಿಡಿಯೋಕೆ ಇಬ್ಬರೂ ಒಟ್ಟಿಗೆ ಕೂರಬೇಕಿತ್ತು, ಹಾಗೆ ಕೂರಿಸೋ ಜಾಗ ಮಾತ್ರ ಈ ವ್ಯವಸ್ಥೆಯಲ್ಲಿ ಇಲ್ಲ.

ಊರಿನ ಹೆಸರು ಮುಚ್ಚೋದರ ಇನ್ನೊಂದು ಚಂದ ನೋಡಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರಷ್ಟನ್ನೇ ಹಾಕಿ ಬರೆದ ಮೂರು ಲೇಖನಗಳು ಒಂದೇ ಕೇರಿಯ ಬಗ್ಗೆ ಇದ್ದರೂ ಮೂರು ಬೇರೆ ಪ್ರದೇಶ ಅಂತ ಓದಿಸಿಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ, ಸರೀಕರ ಕೈಗೇ ಕೊಟ್ಟರೆ ಎಲ್ಲ ಸರಿಹೋಗತ್ತಾ ಅಂದರೆ, ಅದೂ ಇಲ್ಲ. ನಮ್ಮ ನರ್ಸಿಂಗ್ ಕಾಲೇಜುಗಳ ಎಂ.ಎಸ್ಸಿ ಪ್ರಬಂಧಗಳ ಶೀರ್ಷಿಕೆಗಳನ್ನು ಒಂದರ ಕೆಳಗೆ ಒಂದು ಓದುತ್ತಾ ಹೋಗಿ. ‘ಆಯ್ದ ಗ್ರಾಮೀಣ ಪ್ರದೇಶದ ಗರ್ಭಿಣಿಯರಲ್ಲಿ ರಕ್ತಹೀನತೆಯ ಕುರಿತ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮ’ ಅನ್ನೋ ಅಚ್ಚು ಮತ್ತೆ ಮತ್ತೆ ಸಿಗತ್ತೆ. ರಕ್ತಹೀನತೆ ತೆಗೆದು ಮಧುಮೇಹ ಹಾಕಿ, ಗರ್ಭಿಣಿಯರನ್ನು ತೆಗೆದು ಶಾಲಾ ಶಿಕ್ಷಕರನ್ನು ಹಾಕಿ, ಇನ್ನೊಂದು ಪ್ರಬಂಧ ತಯಾರು. ಮೊದಲು ಒಂದು ಪ್ರಶ್ನೆಪತ್ರಿಕೆ, ಆಮೇಲೆ ಮುಕ್ಕಾಲು ಗಂಟೆ ಪಾಠ, ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ. ಅಂಕ ಏರಿರತ್ತೆ. ಏರದೇ ಏನು ಮಾಡತ್ತೆ? ಪಾಠ ಮಾಡಿದ ಮೇಲೆ ಅದೇ ಪ್ರಶ್ನೆ ಕೇಳಿದರೆ ಯಾರಾದರೂ ಹೇಳ್ತಾರೆ. ಕಬ್ಬಿಣದ ಮಾತ್ರೆ ತಗೋಬೇಕು ಅಂತ ಹೆಂಗಸರಿಗೆ ಮೊದಲೂ ಗೊತ್ತಿತ್ತು. ಬೆಳಿಗ್ಗೆ ಹೊಟ್ಟೆಗೆ ಸರಿಯಾಗಿ ಬೀಳದೆ ಶೇಂಗಾ ಕೀಳೋಕೆ ಹೋಗೋಳಿಗೆ ಆ ಮಾತ್ರೆ ನುಂಗಿದರೆ ವಾಂತಿ ಬಂದ ಹಾಗಾಗತ್ತೆ, ಅದಕ್ಕೆ ಡಬ್ಬಿಯಲ್ಲೇ ಉಳಿಯತ್ತೆ. ಇದನ್ನು ಆ ಪ್ರಶ್ನೆಪತ್ರಿಕೆ ಕೇಳಿರಲ್ಲ.

ಆದರೂ ಇಂಥ ಲೇಖನಗಳು ಸರೀಕರ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಯಾಕಂದರೆ ಪರೀಕ್ಷೆ ಮಾಡುವವರಲ್ಲಿ ಬಹಳ ಜನ ಪದವಿ ತಗೊಂಡಿದ್ದೂ ಅದೇ ಅಚ್ಚಿನಲ್ಲಿ ಬರೆದು. ನಮೂನೆ ಸರಿ ಇದೆ, ಕೋಷ್ಟಕ ಸರಿ ಇದೆ, ಸಂಖ್ಯಾಶಾಸ್ತ್ರದ ಕೊನೆಯ ಅಂಕಿ 0.05ಕ್ಕಿಂತ ಕಮ್ಮಿ ಇದೆ. ಬೇಡ ಅನ್ನೋಕೆ ಕಾರಣ ಏನಿದೆ? ಬೇಡ ಅಂದರೆ ತಮ್ಮದೇ ಪ್ರಬಂಧವನ್ನೂ ಬೇಡ ಅಂದ ಹಾಗೆ. ಸರೀಕರು ಅಂದರೆ ಹೀಗೂ ಆಗತ್ತೆ. ಮದುವೆಯ ಖರ್ಚಿನ ಹಾಗೆ, ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು, ಅವರು ಮಾಡಿದ್ದಕ್ಕೆ ಮತ್ತೊಬ್ಬರು. ನನ್ನ ಮಟ್ಟಿಗೆ, ಒಳ್ಳೆಯ ಲೇಖನವೊಂದನ್ನು ತಪ್ಪಾಗಿ ತಿರಸ್ಕರಿಸೋದಕ್ಕಿಂತ ಇದು ದೊಡ್ಡ ಪಾಪ. ತಿರಸ್ಕಾರದ ನೋವು ಬರೆದವಳಿಗೆ ತಟ್ಟುತ್ತದೆ, ಆಕೆ ಇನ್ನೊಂದು ಕಡೆ ಕಳಿಸಬಹುದು. ಸುಮ್ಮನೆ ಒಪ್ಪಿಕೊಂಡದ್ದರ ನಷ್ಟ ಆ ಗರ್ಭಿಣಿಯ ಪಾಲಿಗೆ. ತನ್ನ ಹೆಸರಲ್ಲಿ ಒಂದು ಲೇಖನ ಬಂದಿದೆ ಅಂತಲೂ ಆಕೆಗೆ ಗೊತ್ತಿಲ್ಲ. (ದುಡ್ಡು ತಗೊಂಡು ಮೂರೇ ದಿನದಲ್ಲಿ ಅಚ್ಚು ಹಾಕಿಕೊಡುವ ಜರ್ನಲ್‌ಗಳ ಕಥೆ ಬೇರೆ. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಸುಳ್ಳು ಲೇಖನವನ್ನು 304 ಜರ್ನಲ್‌ಗಳಿಗೆ ಕಳಿಸಿದರೆ 157 ಜರ್ನಲ್‌ಗಳು ಒಪ್ಪಿಕೊಂಡವು. ಅದು ಅಂಗಡಿ, ಅದನ್ನ ಪರೀಕ್ಷೆ ಅಂತ ಕರೆಯೋದು ಬೇಡ.)

ಹಾಗಾದರೆ ಹಳ್ಳಿಯ ಸಿಸ್ಟರ್‌ನ ಅನುಭವವನ್ನೇ ನಂಬಿಬಿಡೋಣವೇ? ಇಲ್ಲಿ ಬೆಳಗಾವಿಯ ಒಂದು ಕೆಲಸ ನೆನಪಾಗತ್ತೆ. ಹೆರಿಗೆಯ ನಂತರದ ರಕ್ತಸ್ರಾವ ಎಷ್ಟು ಅಂತ ಸೂಲಗಿತ್ತಿಯಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಕಣ್ಣಂದಾಜಲ್ಲೇ ಹೇಳುತ್ತಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಮತ್ತು ಅಮೆರಿಕದ ಸಂಶೋಧಕರು ಸೇರಿ, ಹೆಂಗಸಿನ ಸೊಂಟದ ಕೆಳಗೆ ಹಾಸುವ, ಕೆಳತುದಿಯಲ್ಲಿ ಅಳತೆಯ ಗೆರೆಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಸಿ ನೋಡಿದರು. 2006ರಲ್ಲಿ ಪ್ರಕಟವಾದ ಆ ಹೋಲಿಕೆಯ ಪ್ರಕಾರ ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ. 33 ಕಮ್ಮಿ ಬಂತು. ಅಂದರೆ ಮುಕ್ಕಾಲು ಲೀಟರ್ ಹೋಗಿದ್ದರೆ, ನೋಡಿದವರು ಅರ್ಧ ಲೀಟರ್ ಅಂದ್ಕೊಂಡು ಸಮಾಧಾನವಾಗಿ ಕೈ ತೊಳೆಯುತ್ತಿದ್ದರು. ಎಷ್ಟೇ ವರ್ಷದ ಅನುಭವವಿರಲಿ, ಕಣ್ಣಿಗೂ ಒಂದು ಪರೀಕ್ಷೆ ಬೇಕು. ಇದಾದ ಮೇಲೂ ‘ನಮ್ಮ ಹಳ್ಳಿಯವರಿಗೆ ಎಲ್ಲ ಗೊತ್ತು’ ಅಂತ ಭಾವುಕರಾಗೋದರಲ್ಲಿ ಅರ್ಥವಿಲ್ಲ.

ಆದರೆ ಅದೇ ಬೆಳಗಾವಿಯ ಕಥೆಯ ಇನ್ನರ್ಧ ಕೇಳಿ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳ ಸುಮಾರು 1600 ಹೆಂಗಸರಲ್ಲಿ ಅರ್ಧ ಜನಕ್ಕೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರುವ ಬರೀ ಮಾತ್ರೆ ಕೊಟ್ಟು ನೋಡಿದರು. ಕೊಟ್ಟಿದ್ದು ಡಾಕ್ಟರಲ್ಲ. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎ.ಎನ್.ಎಂ.ಗಳು, ಅಂದರೆ ನಾವು ಸಿಸ್ಟರ್ ಅನ್ನೋ ಕಿರಿಯ ಆರೋಗ್ಯ ಸಹಾಯಕಿಯರು. ರಕ್ತ ಅಳೆದಿದ್ದೂ ಅವರೇ. ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. 2011ರಲ್ಲಿ ಈ ಬಳಕೆಗಾಗಿ ಆ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಲೇಖಕರ ಸಾಲಿನಲ್ಲಿ ವೈದ್ಯರು, ಸಂಶೋಧಕರು, ಅಂಕಿಅಂಶ ತಜ್ಞರು ಇದ್ದಾರೆ. ಅದು ತಪ್ಪಲ್ಲ, ಯೋಚನೆ ಅವರದ್ದು. ಆದರೆ ಬುಡ್ಡಿ ದೀಪದ ಬೆಳಕಲ್ಲೋ ಟಾರ್ಚಿನಲ್ಲೋ ಆ ಗೆರೆಗಳನ್ನು ಓದಿ ಬರೆದುಕೊಂಡ ಹೆಣ್ಣುಮಗಳು ಯಾರ ಸರೀಕಳು? ಅಳೆಯುವ ಮಟ್ಟಿಗೆ ಅವಳನ್ನು ಪೂರ್ತಿ ನಂಬಿದರು, ಇಡೀ ಲೇಖನ ನಿಂತಿರೋದು ಅವಳ ಓದಿನ ಮೇಲೆ. ‘ಈ ಲೇಖನ ಸರಿ ಇದೆಯಾ ನೋಡಮ್ಮ’ ಅಂತ ಕೇಳೋ ಮಟ್ಟಿಗೆ ನಂಬಲಿಲ್ಲ. ಹಾಗೆ ಕೇಳಬಹುದು ಅಂತ ಯಾರಿಗೂ ಹೊಳೆದಿರಲಿಕ್ಕಿಲ್ಲ, ನನಗೆ ಹೆಚ್ಚು ಕಾಡೋದು ಅದೇ.

ಒಳ್ಳೆಯ ಸರೀಕ ಹೇಗಿರುತ್ತಾನೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ನರ್ಸಿಂಗಿನದ್ದಲ್ಲ, ಭೌತಶಾಸ್ತ್ರದ್ದು. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಗುರುತ್ವ ಅಲೆಗಳು ಇಲ್ಲವೇ ಇಲ್ಲ ಅನ್ನೋ ತೀರ್ಮಾನದ ಲೇಖನವೊಂದನ್ನು ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕರು ಅದನ್ನು ಒಬ್ಬ ಅನಾಮಿಕ ತಜ್ಞರಿಗೆ ತೋರಿಸಿದರು. ಅವರು ಹತ್ತು ಪುಟ ಟಿಪ್ಪಣಿ ಬರೆದು ತಪ್ಪು ಎಲ್ಲಿದೆ ಅಂತ ಹೇಳಿದರು. ಐನ್‌ಸ್ಟೈನ್‌ಗೆ ಸಿಟ್ಟು. ಅಚ್ಚು ಹಾಕಿ ಅಂತ ಕಳಿಸಿದ್ದು, ಯಾರಿಗೋ ತೋರಿಸಿ ಅಂತಲ್ಲ ಅನ್ನೋ ಧಾಟಿಯಲ್ಲಿ ಉತ್ತರ ಬರೆದು ಲೇಖನ ವಾಪಸ್ ತಗೊಂಡರು. ಆ ಅನಾಮಿಕ ಹವರ್ಡ್ ರಾಬರ್ಟ್‌ಸನ್. ಅವರು ಆಮೇಲೆ ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್‌ರ ಸಹಾಯಕ ಇನ್‌ಫೆಲ್ಡ್ ಜೊತೆ ಮಾತಿಗೆ ಮಾತು ತೆಗೆದು ಆ ತಪ್ಪನ್ನು ತೋರಿಸಿಕೊಟ್ಟರು. ‘ನಾನೇ ಕಣಯ್ಯ ಆವಾಗ ಬರೆದಿದ್ದು’ ಅನ್ನಲಿಲ್ಲ. ಲೇಖನ ತೀರ್ಮಾನ ಬದಲಿಸಿಕೊಂಡು 1937ರಲ್ಲಿ ಬೇರೆ ಕಡೆ ಪ್ರಕಟವಾಯಿತು. ಟಿಪ್ಪಣಿ ಬರೆದದ್ದು ರಾಬರ್ಟ್‌ಸನ್ ಅಂತ ಲೋಕಕ್ಕೆ ತಿಳಿದಿದ್ದು 2005ರಲ್ಲಿ. ಅನಾಮಿಕತೆಯನ್ನು ಕಲ್ಲೆಸೆಯೋಕೆ ಬಳಸೋರು ಬೇಕಾದಷ್ಟು ಜನ ಇದ್ದಾರೆ, ನಿಮ್ಮ ಕಂಪನಿಯ ವರ್ಷಾಂತ್ಯದ ಫೀಡ್‌ಬ್ಯಾಕ್ ಫಾರಂನಲ್ಲೂ ಸಿಗುತ್ತಾರೆ. ಈ ಮನುಷ್ಯ ಅದನ್ನು ಬಳಸಿದ್ದು ಶ್ರೇಯಸ್ಸು ಬಿಟ್ಟುಕೊಡೋಕೆ. ಸರೀಕರ ನಡುವೆ ಇದು ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಕೂಡ್ಲಿಗಿಗೆ ಬರೋಣ. ಹೆಸರು ಮುಚ್ಚಿ, ಊರು ಮುಚ್ಚಬೇಡಿ ಅನ್ನೋದು ನನ್ನ ವಾದ. ಸಣ್ಣ ಊರಿನ ಹೆಸರು ಹಾಕಿದರೆ ಕಾಲೇಜು ಯಾವುದು, ಬರೆದವರು ಯಾರು ಅಂತ ಗೊತ್ತಾಗಿಬಿಡತ್ತೆ ಅನ್ನೋ ಆಕ್ಷೇಪಣೆ ಸರಿಯಾದದ್ದೇ. ಅಧ್ಯಯನಕ್ಕೆ ಒಳಗಾದ ಹೆಂಗಸರ ಗುಟ್ಟೂ ಉಳಿಯಬೇಕು. ಸರಿ, ಊರಿನ ಹೆಸರು ಬೇಡ. ಊರಿನ ಗುಣ ಹೇಳಿ: ಮಳೆಯಾಶ್ರಿತ, ನವೆಂಬರಿನಿಂದ ಗುಳೆ, ಕೊಳವೆಬಾವಿಯ ನೀರು, ಹತ್ತಿರದ ಹೆರಿಗೆ ಆಸ್ಪತ್ರೆಗೆ ಇಷ್ಟು ದೂರ, ದಿನಕ್ಕೆ ಇಷ್ಟು ಬಸ್ಸು. ಹೊಳೆದಂಡೆಯ ಹಡಗಲಿಗೂ ಮಳೆ ಕಾಯೋ ಕೂಡ್ಲಿಗಿಗೂ ‘ಆಯ್ದ ಗ್ರಾಮೀಣ ಪ್ರದೇಶ’ ಅನ್ನೋ ಒಂದೇ ಪಟ್ಟಿ ಹಚ್ಚಿದರೆ ರಿವ್ಯೂವರ್ ತಾನೇ ಏನು ಮಾಡಿಯಾರು?

ಇನ್ನೊಂದು, ಇಬ್ಬರು ಓದುಗರ ಜೊತೆ ಮೂರನೆಯವಳಾಗಿ ಅಂಥದ್ದೇ ಊರಿನ ಒಬ್ಬ ಸಿಸ್ಟರ್‌ಗೂ ಲೇಖನ ಹೋಗಲಿ. ಕೇಳೋಕೆ ವಿಚಿತ್ರ ಅನ್ನಿಸಿದರೆ, ಬ್ರಿಟನ್ನಿನ ‘ಬಿಎಂಜೆ’ 2014ರಿಂದ ರೋಗಿಗಳಿಂದಲೂ ಲೇಖನ ಓದಿಸಿ ಅಭಿಪ್ರಾಯ ತಗೋತಿದೆ. ಸಂಖ್ಯಾಶಾಸ್ತ್ರ ಸರಿಯೋ ತಪ್ಪೋ ಅಂತ ಅವರನ್ನು ಯಾರೂ ಕೇಳಲ್ಲ. ಇದು ನಿಮ್ಮ ಬದುಕಿಗೆ ಹತ್ತಿರ ಇದೆಯಾ, ಏನು ಬಿಟ್ಟುಹೋಗಿದೆ, ಇಷ್ಟೇ. ಸಿಸ್ಟರ್‌ಗೂ ಅಷ್ಟೇ ಕೇಳಿ. ಬೀಗ ಹಾಕಿದ ಮನೆಗಳ ವಿಷಯ ಆಕೆ ಮೊದಲ ಪುಟದಲ್ಲೇ ಹಿಡಿಯುತ್ತಾಳೆ.

ಆದರೆ ಅವಳಿಗೆ ಓದೋಕೆ ಏನು ಕೊಡ್ತೀರಿ? ಲೇಖನ ಇಂಗ್ಲಿಷಿನಲ್ಲಿದೆ. ಪಾಠ ಮಾಡಿದ್ದು ಕನ್ನಡದಲ್ಲಿ, ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ, ಉತ್ತರ ಬಂದಿದ್ದು ಕೂಡ್ಲಿಗಿ ಕನ್ನಡದಲ್ಲಿ. ಆ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಸರಿ ಇದೆ ಅಂತ ತಜ್ಞರಿಂದ ಪ್ರಮಾಣಪತ್ರ ತಂದು ಪ್ರಬಂಧದ ಹಿಂದೆ ಅಂಟಿಸುತ್ತಾರೆ. ಫಲಿತಾಂಶ ಮಾತ್ರ ಕನ್ನಡಕ್ಕೆ ಮರಳಿ ಬರಲ್ಲ. ಜರ್ನಲ್‌ಗಳು ಇಂಗ್ಲಿಷಿನಲ್ಲಿ 250 ಪದಗಳ ಸಾರಾಂಶ ಕೇಳುತ್ತವಲ್ಲ, ಅದನ್ನೇ ಕನ್ನಡದಲ್ಲೂ ಕೇಳಬಹುದು. ಬರೆಯೋಕೆ ಉಪನ್ಯಾಸಕಿಗೆ ಒಂದು ಸಂಜೆ ಸಾಕು. ಓದೋಕೆ ಸಿಸ್ಟರ್‌ಗೆ ಲಸಿಕೆ ದಿನದ ಮಧ್ಯಾಹ್ನ, ಕೊನೆಯ ಕೂಸು ಮನೆಗೆ ಹೋದ ಮೇಲಿನ ಹತ್ತು ನಿಮಿಷ.